ಹತ್ತು ಜಿರಲೆ, ಒಂದು ಅಂಗಿ

ಹೆಗಲ ಮೇಲಿನ ಪಟ್ಟೆಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ರಾಜೇಂದ್ರ ಸೀಗೆಪುಡಿ ಹಚ್ಚಿ ಇನ್ನೊಮ್ಮೆ ತಿಕ್ಕಿದ. ಹಿತ್ತಲಲ್ಲಿ ಹಲಗೆಯ ಮೇಲೆ ಮಲಗಿಸಿದ್ದ ಅಣ್ಣ ಬೆಳ್ಳಪ್ಪನ ಮೈಯಿಂದ ಬಿಸಿನೀರು ಇಳಿದು ಮಣ್ಣಿಗೆ ಸೇರುತ್ತಿತ್ತು. ಕುತ್ತಿಗೆಯ ಎರಡೂ ಬದಿಗೆ ಮೂರು ಬೆರಳಗಲದ ಕಪ್ಪು ಪಟ್ಟೆ. ಅಲ್ಲಿ ಚರ್ಮ ಸೀದ ರೊಟ್ಟಿಯ ಹಾಗೆ ಒರಟಾಗಿತ್ತು.

"ಬಿಡಾ, ಅದು ಕೊಳೆ ಅಲ್ಲ," ಎಂದಳು ಚೊಂಬು ಹಿಡಿದು ನಿಂತಿದ್ದ ಅಕ್ಕ ಕೆರಿಯಮ್ಮ. ಬೆಳಗಿನ ಜಾವವೇ ತುಮರಿಯಿಂದ ಹೊರಟು ಬಂದವಳು. "ಔಷಧಿ ಪಂಪು ಹೊತ್ತಿದ್ದು. ಇಪ್ಪತ್ತೆಂಟು ವರ್ಷ ಹೊರ್ಸಿದ್ರೆ ಕಲ್ಲಿಗೂ ಗುರುತು ಬೀಳ್ತದೆ."

"ಜನ ನೋಡ್ತಾರಲ್ಲ ಅಕ್ಕಾ."

"ನೋಡ್ಲಿ. ಹೊರ್ಸಿದೋರೂ ಬಂದು ನೋಡ್ಲಿ."

ರಾಜೇಂದ್ರ ಉಜ್ಜುವುದನ್ನು ನಿಲ್ಲಿಸಿದ. ಅವನಿಗೆ ಪಟ್ಟೆಗಿಂತ ದೊಡ್ಡ ಚಿಂತೆ ಇತ್ತು. ಅವನ ಮಗಳು ಲಿಖಿತಾಳಿಗೆ ಗಂಡು ಗೊತ್ತಾಗಿತ್ತು. ನಿಶ್ಚಯಕ್ಕೆ ದಿನ ನೋಡುವುದೊಂದು ಬಾಕಿ. ಗಂಡಿನ ಕಡೆಯವರು ತೀರ್ಥಹಳ್ಳಿಯಿಂದ ಹೊರಟಿದ್ದರು. ಹನ್ನೊಂದಕ್ಕೆ ಈ ಮನೆಗೆ ಬರುತ್ತಾರೆ. ಕಾರ್ಗಲ್ಲಿನ ಹೊರಗೆ, ಎರಡೇ ಕೋಣೆಯ ಈ ಶೀಟಿನ ಮನೆಗೆ. ಮುಂದಿನ ಕೋಣೆಯಲ್ಲಿ ಹೆಣ ಇಟ್ಟರೆ, ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ಡಬ್ಬಿಗಳ ತುಂಬ ಜಿರಲೆ.

ತಪ್ಪಿಸಿಕೊಂಡು ಬಂದ ಜಿರಲೆಯಲ್ಲ, ಸಾಕಿದ ಜಿರಲೆ.

"ಶಿವೂಗೆ ಫೋನ್ ಮಾಡಿದೀನಿ," ಎಂದ ರಾಜೇಂದ್ರ, ಅಕ್ಕನ ಮುಖ ನೋಡದೆ. "ಬಂದು ಔಷಧಿ ಹೊಡ್ದು ಹೋಗ್ತಾನೆ. ಹೇಗೂ ಸತ್ತೋರ ಚಾಪೆ, ಬಟ್ಟೆ ಎಲ್ಲಾ ಜೊತೇಲೇ ಸುಡ್ತೀವಿ. ಜಿರಲೆನೂ ಅಣ್ಣಂದೇ ಅಲ್ವಾ?"

◆

ಹಿಂದಿನ ಕೋಣೆಯಲ್ಲಿ ಬೆಳ್ಳಪ್ಪನ ಮಗಳು ಕುಮುದಾ ಬೂಸಾಕ್ಕೆ ಗಜ್ಜರಿ ತುರಿ ಕಲಸುತ್ತಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮನುಷ್ಯರಿಗೆ ಪಕ್ಕದ ಮನೆಯ ಬಂಗಾರಮ್ಮ ಅವಲಕ್ಕಿ ತಂದುಕೊಟ್ಟಿದ್ದಳು. ಇವಕ್ಕೆ ಒಲೆ ಬೇಕಿಲ್ಲ. ಆದರೆ ನಿನ್ನೆ ಸಂಜೆಯಿಂದ ಯಾರೂ ಏನೂ ಹಾಕಿರಲಿಲ್ಲ. ಡಬ್ಬಿಯೊಳಗೆ ನಿಲ್ಲಿಸಿದ್ದ ಮೊಟ್ಟೆ ಟ್ರೇಗಳ ಸಂದಿಯಿಂದ ಒಣ ಎಲೆಯ ಮೇಲೆ ಯಾರೋ ನಡೆದಂಥ ಸದ್ದು. ಬಲ್ಬಿನ ಶಾಖಕ್ಕೆ ಕೋಣೆ ಬೆಚ್ಚಗಿತ್ತು.

ಇವು ಹೊರದೇಶದ ಜಾತಿ. ಗೋಡೆ ಹತ್ತುವುದಿಲ್ಲ, ಅಡುಗೆಮನೆಗೆ ನುಗ್ಗುವುದಿಲ್ಲ. ಬೆಂಗಳೂರು, ಮಂಗಳೂರಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೊಡ್ಡ ಮೀನು, ಹಲ್ಲಿ ಸಾಕುವವರು ಜೀವಂತ ಮೇವಿಗೆ ತರಿಸಿಕೊಳ್ಳುತ್ತಾರೆ. ಕುಮುದಾ ವಾಟ್ಸಾಪಿನಲ್ಲಿ ಆರ್ಡರು ಹಿಡಿಯುತ್ತಿದ್ದಳು. ಅಪ್ಪ ತೂತು ಕೊರೆದ ರಟ್ಟಿನ ಪೆಟ್ಟಿಗೆ ಕಟ್ಟಿ ಸಾಗರದ ಬಸ್ಸಿಗೆ ಹಾಕಿ ಬರುತ್ತಿದ್ದ. ಎಂಟು ತಿಂಗಳಿನಿಂದ ಅವನಿಗೆ ಬಾಗಿಲ ತನಕ ನಡೆಯಲೂ ಉಸಿರಿರಲಿಲ್ಲ. ಎರಡೂ ಕೆಲಸ ಅವಳದೇ. ಮನೆ ನಡೆಯುತ್ತಿದ್ದುದು ಇದರಿಂದ. ಇನ್ನು ನಡೆಯಬೇಕಾದ್ದೂ ಇದರಿಂದಲೇ.

"ಕುಮುದಾ."

ಬಾಗಿಲಲ್ಲಿ ಶಿವು ನಿಂತಿದ್ದ. ಖಾಕಿ ಅಂಗಿ, ಬೆನ್ನಿಗೆ ಪಂಪು. ಅಪ್ಪನನ್ನು ಕೆಲಸದಿಂದ ತೆಗೆದು, ಜಿರಲೆಗೆ ಔಷಧಿ ಹೊಡೆಸುವ ಗುತ್ತಿಗೆದಾರ ಇಟ್ಟುಕೊಂಡಿದ್ದು ಇವನನ್ನೇ. ಪಂಪೂ ಅದೇ. ತಳದಲ್ಲಿ ಅಪ್ಪ ಮೊಳೆಯಿಂದ ಗೀಚಿದ್ದ 'ಬೆ' ಇನ್ನೂ ಇತ್ತು.

"ರಾಜಣ್ಣ ಹೇಳಿದ್ರು, ಈ ಕೋಣೆಗೆ..." ಅವನು ಮಾತು ಮುಗಿಸಲಾರದೆ ಕೆಮ್ಮಿದ.

ಆ ಕೆಮ್ಮನ್ನು ಕುಮುದಾ ಗುರುತು ಹಿಡಿದಳು. ಒಣ ಕೆಮ್ಮು, ಕೊನೆಯಲ್ಲಿ ಸಣ್ಣ ಶಿಳ್ಳೆ.

"ಎಷ್ಟು ದಿನದಿಂದ ಶಿವಣ್ಣಾ?"

"ಮಳೆಗಾಲದ್ದು. ಹೋಗ್ತದೆ."

"ಇದು ಯಾವ ತಿಂಗಳು?"

ಹೊರಗೆ ಫೆಬ್ರವರಿಯ ಬಿಸಿಲು ಶೀಟನ್ನು ಕಾಯಿಸುತ್ತಿತ್ತು.

◆

ಆರು ವರ್ಷದ ಹಿಂದೆ, ಲಾಡ್ಜಿನ ಗಿರಾಕಿಗಳೆದುರು ಕೆಮ್ಮುತ್ತಾನೆಂದು ಬೆಳ್ಳಪ್ಪನನ್ನು ಕೆಲಸದಿಂದ ತೆಗೆದರು. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಅವನು ಔಷಧಿ ಹೊಡೆಯದ ಲಾಡ್ಜಿಲ್ಲ, ಹಾಸ್ಟೆಲ್ಲಿಲ್ಲ, ಹೋಟೆಲ್ಲಿನ ಅಡುಗೆಮನೆಯಿಲ್ಲ. ಬೇರೆಯವರ ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಇಪ್ಪತ್ತೆಂಟು ವರ್ಷ ಕಳೆದಿದ್ದ. ಗುತ್ತಿಗೆದಾರ ಕೊಟ್ಟಿದ್ದು ಪಂಪು ಮತ್ತು ಖಾಕಿ ಅಂಗಿ. ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಪಂಚೆಯ ತುಂಡು ಅವನದೇ.

"ಕೊಲ್ಲೋದು ಗೊತ್ತಿರೋನಿಗೆ ಸಾಕೋದು ಎಷ್ಟೊತ್ತಿನ ಮಾತು?" ಎಂದಿದ್ದ ನಗುತ್ತಾ. ಶಿವಮೊಗ್ಗದ ಮೀನಿನಂಗಡಿಯವನೊಬ್ಬ ಬಸ್ಸಿನಲ್ಲಿ ಐವತ್ತು ಮರಿ ಕಳಿಸಿದ್ದ. "ಕತ್ಲೆ ಬೇಕು, ಬೆಚ್ಚಗಿರ್ಬೇಕು, ಮೈಗೆ ಮೈ ತಾಗ್ಬೇಕು. ಅವು ಎಲ್ಲಿ ಅಡಗ್ತವೆ ಅಂತ ನಂಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಬೆಚ್ಚಗಿರಲೆಂದು ಡಬ್ಬಿಯೊಳಗೆ ತನ್ನ ಹಳೆಯ ಖಾಕಿ ಅಂಗಿ ಹಾಸಿದ. ಕೆಲಸ ಬಿಟ್ಟ ಮೇಲೆ ಹೆಂಡತಿ ಮೀನಾಕ್ಷಮ್ಮ ಕಲ್ಲಿಗೆ ಬಡಿದು ಬಡಿದು ಒಗೆದಿದ್ದ ಅಂಗಿ.

ಮಾರನೆಯ ಬೆಳಿಗ್ಗೆ ಐವತ್ತೂ ಅಂಗಾತ ಬಿದ್ದಿದ್ದವು.

ಬೆಳ್ಳಪ್ಪ ಬಹಳ ಹೊತ್ತು ಕೂತು ನೋಡಿದ. ಮತ್ತೆ ಹತ್ತು ತರಿಸಿದ. ಐದನ್ನು ಕುಮುದಾಳ ಹಳೆಯ ವೇಲಿನ ಮೇಲೆ ಬಿಟ್ಟ, ಐದನ್ನು ಅಂಗಿಯ ಮೇಲೆ. ಸಂಜೆಯ ಹೊತ್ತಿಗೆ ವೇಲಿನ ಮೇಲಿನವು ಗಜ್ಜರಿ ತಿನ್ನುತ್ತಿದ್ದವು. ಅಂಗಿಯ ಮೇಲಿನವು ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು.

"ಇದನ್ನ ಹಾಕ್ಕೊಂಡೇ ಊಟ ಮಾಡ್ತಿದ್ದೆ," ಎಂದ ಮಗಳಿಗೆ. "ಇದನ್ನ ಹಾಕ್ಕೊಂಡೇ ನಿನ್ನ ಎತ್ಕೊತಿದ್ದೆ."

ಮಗಳನ್ನು ಕರೆದುಕೊಂಡು ಸಾಗರಕ್ಕೆ ಹೋದ. ಅಂಗಿಯನ್ನೂ ಸತ್ತ ಜಿರಲೆಯ ಡಬ್ಬಿಯನ್ನೂ ಗುತ್ತಿಗೆದಾರನ ಮೇಜಿನ ಮೇಲಿಟ್ಟ. ಎದೆಯ ಎಕ್ಸರೇಯನ್ನೂ ಇಟ್ಟ. ಗುತ್ತಿಗೆದಾರ ಡಬ್ಬಿಯೊಳಗೆ ಇಣುಕಿದ.

"ಜಿರಲೆ ಸಾಯ್ಲಿ ಅಂತ್ಲೇ ಅಲ್ವೇನಯ್ಯಾ ಔಷಧಿ ಹೊಡಿಯೋದು? ನಮ್ಮ ಔಷಧಿ ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಡೋಕ್ ಬಂದ್ಯಾ?"

ಪಕ್ಕದಲ್ಲಿದ್ದ ಗುಮಾಸ್ತ ನಕ್ಕ.

"ನನ್ನ ಎದೆ ಸಾರ್..."

"ನೀನು ಜಿರಲೆನೇನಯ್ಯಾ? ಮನುಷ್ಯ ಅಲ್ವಾ? ಮನುಷ್ಯಂಗೇನೂ ಆಗಲ್ಲ. ಹೋಗು, ಬೀಡಿ ಬಿಡು ಮೊದ್ಲು."

ಬೆಳ್ಳಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ.

◆

"ಅಂಗಿ ಬಿಚ್ಚು ಶಿವಣ್ಣಾ," ಎಂದಳು ಕುಮುದಾ.

"ಎಂತಕ್ಕೆ?"

ಅವಳು ಖಾಲಿ ಡಬ್ಬಿಯೊಂದಕ್ಕೆ ಹತ್ತು ಜಿರಲೆ ಎಣಿಸಿ ಹಾಕಿದಳು. ದೊಡ್ಡವು, ಹೆಬ್ಬೆಟ್ಟಿನಷ್ಟು. "ನಿನ್ನ ಅಂಗಿ ಇದ್ರೊಳಗೆ ಹಾಸು. ಅಪ್ಪನ್ನ ಸುಟ್ಟು ವಾಪಸ್ ಬರೋ ತನ್ಕ ಇರ್ಲಿ. ಇದ್ರಲ್ಲಿ ಒಂದು, ಒಂದೇ ಒಂದು ಬದುಕಿದ್ರೂ ನೀನು ಈ ಕೋಣೆಗೆಲ್ಲಾ ಹೊಡಿ. ನಾನು ಅಡ್ಡ ಬರಲ್ಲ."

ರಾಜೇಂದ್ರ ಒದ್ದೆ ಕೈಯಲ್ಲೇ ಬಂದು ಬಾಗಿಲಾಚೆ ಶಿವುವಿನ ಪಕ್ಕ ನಿಂತ. "ಹುಚ್ಚು ಹಿಡ್ದದೇನೇ ನಿಂಗೆ? ಹೆಣ ಇದ್ದ ಮನೇಲಿ ಆಟ ಆಡ್ತೀಯಾ? ತೀರ್ಥಹಳ್ಳಿಯವ್ರು ರಿಪ್ಪನ್‌ಪೇಟೆ ದಾಟಿದಾರಂತೆ. ಜಿರಲೆ ಸಾಕೋ ಮನೆ ಹುಡುಗಿ ಅಂದ್ರೆ ಯಾರ್ ಮದ್ವೆ ಆಗ್ತಾರೆ? ಕೊಡಾ ಇಲ್ಲಿ ಪಂಪು, ನಾನೇ ಹೊಡೀತೀನಿ."

ಅವನು ಪಂಪಿನ ಕಡೆ ಕೈ ಚಾಚುವಷ್ಟರಲ್ಲಿ ಮುಂದಿನ ಕೋಣೆಯಿಂದ ಮೀನಾಕ್ಷಮ್ಮ ಎದ್ದು ಬಂದಳು. ಆರು ವರ್ಷದಲ್ಲಿ ಒಮ್ಮೆಯೂ ಈ ಕೋಣೆಯ ಹೊಸ್ತಿಲು ತುಳಿದವಳಲ್ಲ. ಜಿರಲೆ ಕಂಡರೆ ಅವಳಿಗೆ ವಾಂತಿ ಬರುತ್ತಿತ್ತು. ಗಂಡ ಅವಕ್ಕೆ ಮೇವು ಹಾಕಿ ಬಂದರೆ ಕೈ ತೊಳೆಯುವ ತನಕ ತಟ್ಟೆ ಇಡುತ್ತಿರಲಿಲ್ಲ. ಈಗ ಅವರಿಬ್ಬರ ಮುಂದೆ, ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ಕೂತಳು.

"ಅತ್ಗೇ, ಏಳಿ."

"ಇಪ್ಪತ್ತೆಂಟು ವರ್ಷ ಆ ವಾಸ್ನೆ ಜೊತೆ ಮಲಗಿದೀನಿ ರಾಜೇಂದ್ರಾ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ತಲೆದಿಂಬಲ್ಲಿ ಅದೇ. ಅವ್ರ ಬೆವರಲ್ಲಿ ಅದೇ. ಇವತ್ತೊಂದು ದಿನ ಈ ಮನೇಲಿ ಆ ವಾಸ್ನೆ ಬ್ಯಾಡ."

"ನಿಮ್ಗೇ ಅವು ಕಂಡ್ರೆ ಆಗಲ್ಲ ಅಲ್ವಾ?"

"ಈಗ್ಲೂ ಆಗಲ್ಲ."

ಶಿವು ಪಂಪು ಇಳಿಸಿದ. ಅಂಗಿಯ ಗುಂಡಿ ಬಿಚ್ಚಿದ. ಅವನ ಹೆಗಲ ಮೇಲೂ ಪಟ್ಟೆಗಳಿದ್ದವು. ಇನ್ನೂ ಕಪ್ಪಾಗಿರಲಿಲ್ಲ, ಕೆಂಪಗಿದ್ದವು. ರಾಜೇಂದ್ರ ಒಮ್ಮೆ ಅದನ್ನು, ಒಮ್ಮೆ ತನ್ನ ಅಂಗೈಯನ್ನು ನೋಡಿದ. ಬೆರಳ ಸಂದಿಯಲ್ಲಿ ಸೀಗೆಪುಡಿ ಇನ್ನೂ ಇತ್ತು.

◆

ಹನ್ನೊಂದೂಕಾಲಕ್ಕೆ ತೀರ್ಥಹಳ್ಳಿಯವರು ಬಂದರು. ಹೆಂಗಸರು ಹೆಣದ ಬಾಯಿಗೆ ಅಕ್ಕಿ ಹಾಕಿ ಬದಿಗೆ ಕೂತರು. ಗಂಡಿನ ತಾಯಿ ಸೀರೆ ಒಟ್ಟುಮಾಡಿಕೊಂಡು ಕೇಳಿದಳು: "ಹಿಂದುಗಡೆ ಎಂತದು ಸರಸರ ಸದ್ದು?"

ರಾಜೇಂದ್ರ ಅಕ್ಕನ ಕಡೆ ನೋಡಿದ.

"ಅವ್ನು ಸಾಕಿದ ಮಕ್ಳು," ಎಂದಳು ಕೆರಿಯಮ್ಮ, ಊದುಬತ್ತಿಯ ಬೂದಿ ಕೊಡವುತ್ತಾ. "ಅಪ್ಪ ಹೋದ್ನಲ್ಲ, ಅಳ್ತಾ ಇದಾವೆ. ನಮ್ ಹಂಗೆ ಬಾಯಿ ಬಡ್ಕೊಳಕ್ಕೆ ಬರಲ್ಲ ಅವಕ್ಕೆ."

ಆ ಹೆಂಗಸು ಕೈ ಚಾಚಿ ಇನ್ನೊಂದು ಊದುಬತ್ತಿ ಹಚ್ಚಿದಳು.

ಚಟ್ಟಕ್ಕೆ ಮೂರೇ ಹೆಗಲು ಸಿಕ್ಕಿದ್ದವು. ಜಿರಲೆ ಬೆಳ್ಳಪ್ಪನ ಮನೆಗೆ ನೀರು ಕುಡಿಯಲೂ ಬಾರದ ಜನ ರಸ್ತೆಯ ಆಚೆಯೇ ನಿಂತು ಮೊಬೈಲು ನೋಡುತ್ತಿದ್ದರು. ಹೊರುವವರು ಅಂಗಿ ಹಾಕುವಂತಿಲ್ಲ. ಆ ಮೂವರನ್ನು ಬಿಟ್ಟರೆ ಬರಿಮೈಯಲ್ಲಿ ನಿಂತಿದ್ದವನು ಶಿವು ಒಬ್ಬನೇ. ಯಾರೂ ಕರೆಯದೆ ಅವನು ಬಂದು ನಾಲ್ಕನೆಯ ಮೂಲೆ ಹಿಡಿದ. ಬಿದಿರು ಹೆಗಲಿನ ಕೆಂಪು ಪಟ್ಟೆಯ ಮೇಲೆ ಸರಿಯಾಗಿ ಕೂತಿತು. ನೋವಾದರೂ ಅವನು ಹೆಗಲು ಬದಲಿಸಲಿಲ್ಲ.

ಸುಡುವಲ್ಲಿ ಚಾಪೆ, ದಿಂಬು, ಬಟ್ಟೆಯ ಗಂಟು ಎಲ್ಲ ಬೆಂಕಿಗೆ ಹೋದವು. ಗುತ್ತಿಗೆದಾರನ ಮೇಜಿನಿಂದ ವಾಪಸ್ ತಂದಿದ್ದ ಆ ಹಳೆಯ ಖಾಕಿ ಅಂಗಿಯೂ ಹೋಯಿತು. ಅದು ಉರಿದಾಗ ಎದ್ದ ಹೊಗೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು.

◆

ಹೊಳೆಯಲ್ಲಿ ಮಿಂದು, ಮನೆಗೆ ಬಂದು, ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡುವಾಗ ಮೂರು ಗಂಟೆ. ಮೀನಾಕ್ಷಮ್ಮ ಹೊಸ್ತಿಲಿನಿಂದ ಎದ್ದಿರಲಿಲ್ಲ. ಈಗ ಕಾಲು ಮಡಚಿ ದಾರಿ ಬಿಟ್ಟಳು. ಕುಮುದಾ ಡಬ್ಬಿಯನ್ನು ಬೆಳಕಿಗೆ ತಂದಳು. ಶಿವು ಬಗ್ಗಿದ. ಅವನ ಹಿಂದೆ ರಾಜೇಂದ್ರನೂ ಬಗ್ಗಿದ.

ಅಂಗಿಯ ಕಾಲರಿನ ಹತ್ತಿರ ನಾಲ್ಕು, ತೋಳಿನ ಮಡಿಕೆಯಲ್ಲಿ ಐದು, ಅಂಗಾತ. ಹತ್ತನೆಯದು ಜೇಬಿನ ಬಾಯಲ್ಲಿ ಬೆನ್ನಡಿಯಾಗಿ ಬಿದ್ದು ಹಿಂಗಾಲೊಂದನ್ನು ಆಡಿಸುತ್ತಿತ್ತು. ಆಡಿಸುವುದು, ನಿಲ್ಲಿಸುವುದು, ಮತ್ತೆ ಆಡಿಸುವುದು.

"ಒಂದು ಬದ್ಕದೆ," ಎಂದ ರಾಜೇಂದ್ರ. ಅವನ ದನಿಯಲ್ಲಿ ಬೆಳಗಿನ ಜೋರಿರಲಿಲ್ಲ.

ಮಾತು ಕೊಟ್ಟವಳು ಕುಮುದಾಳೇ. ಅವಳ ಹಿಂದೆ ಹದಿನಾಲ್ಕು ಡಬ್ಬಿಗಳು ಸರಸರ ಎನ್ನುತ್ತಿದ್ದವು.

ಶಿವು ಆ ಕಾಲನ್ನು ನೋಡುತ್ತಲೇ ಇದ್ದ. "ಬೆಳ್ಳಣ್ಣ ಎಂಟು ತಿಂಗ್ಳು ಹಿಂಗೇ ಮಲಗಿದ್ದ," ಎಂದ ಕೊನೆಗೆ. "ಇದಕ್ಕೆ ಬದುಕಿರೋದು ಅಂತಾರಾ ರಾಜಣ್ಣಾ?"

ರಾಜೇಂದ್ರ ಪಂಪಿನ ಕಡೆ ನೋಡದೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಬೈಕು ಹೊರಟ ಸದ್ದು ಕೇಳಿತು.

ಶಿವುವಿನ ಫೋನು ಬಡಿಯಿತು. ಅವನು ಎದ್ದು ನಿಂತು ಮಾತಾಡಿದ. "ಹ್ಞೂ ಸಾರ್... ಇಲ್ಲ ಸಾರ್, ಮಣ್ಣಿಗೆ ಬಂದಿದ್ದೆ... ನಾಲ್ಕು ಗಂಟೆಗೆ ತಾಳಗುಪ್ಪದಲ್ಲಿ ಇರ್ತೀನಿ ಸಾರ್."

"ಹೋಗ್ತೀಯಾ?" ಕುಮುದಾ ಕೇಳಿದಳು.

"ಮಗೂಗೆ ಫೀಸು ಕಟ್ಬೇಕು."

"ಅಪ್ಪನ ಬೇರೆ ಅಂಗಿ ಇದ್ದಿದ್ರೆ ಕೊಡ್ತಿದ್ದೆ. ಎಲ್ಲಾ ಸುಟ್ಟಾಯ್ತು."

"ಇದಿಲ್ದೆ ಹೋದ್ರೆ ಫೈನ್ ಹಾಕ್ತಾರೆ ಮಾರಾಯ್ತಿ. ಯೂನಿಫಾರಂ."

ಅವನು ಡಬ್ಬಿಯಿಂದ ಅಂಗಿ ಎತ್ತಿದ. ಅಂಗಳಕ್ಕೆ ಹೋಗಿ ಎರಡು ಸಲ ಜೋರಾಗಿ ಕೊಡವಿದ. ಒಣ ನೆಲದ ಮೇಲೆ ಟಪಟಪ ಬಿದ್ದವು. ಮೀನಾಕ್ಷಮ್ಮ ಹೊಸ್ತಿಲಲ್ಲಿ ಕೂತಲ್ಲಿಂದಲೇ ಎಣಿಸುತ್ತಿದ್ದಳು: ಒಂಬತ್ತು. ಶಿವು ತೋಳು ತೂರಿಸಿ, ಕಾಲರಿನ ತನಕ ಗುಂಡಿ ಹಾಕಿದ. ಪಂಪು ಎತ್ತಿ ಬೆನ್ನಿಗೇರಿಸಿದ. ಪಟ್ಟಿಗಳು ಹೆಗಲ ಮೇಲೆ ತಮ್ಮ ಜಾಗ ಹುಡುಕಬೇಕಾಗಿರಲಿಲ್ಲ.

ಅವನು ರಸ್ತೆಗೆ ಇಳಿಯುವಾಗಲೂ ಜೇಬಿನಂಚಿನಿಂದ ಹೊರಚಾಚಿದ್ದ ಆ ಒಂದು ಕಾಲು ಆಡುತ್ತಿತ್ತು.