ಹದಿನಾಲ್ಕು ಮೆಟ್ಟಿಲ ಹಾಸ್ಟೆಲ್ಲು

ಗಾಜಕ್ಕನಿಗೆ ನಲವತ್ತಮೂರನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಸೀಟು ಸಿಕ್ಕಿತು. ಸಿಕ್ಕಿದ ದಿನ ಮನೆಯವರೆಲ್ಲ ಕುಣಿದಾಡಿದರು. ಮೂರನೇ ದಿನಕ್ಕೆ ಎಲ್ಲರ ಮುಖವೂ ಸಪ್ಪಗಾಯಿತು. ಸೀಟಿನ ಬೆನ್ನಿಗೇ ಇನ್ನೊಂದು ಕಾಗದ ಬಂದಿತ್ತು, ನೋಡಿ. ಹಾಸ್ಟೆಲ್ಲಿನಲ್ಲಿ ಒಂದು ಕೋಣೆ ಇದೆ, ‘ಬೇಕು’, ‘ಬೇಡ’ ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿ, ತಿಂಗಳ ಕೊನೆಯ ಸೋಮವಾರ ಸಂಜೆ ಐದರೊಳಗೆ ತಲುಪಿಸಿ ಎಂದು ಅದರಲ್ಲಿತ್ತು.

ಗಾಜಕ್ಕ ಎಂಬ ಹೆಸರು ಕನ್ನಡಕದಂಗಡಿಯವರು ಇಟ್ಟದ್ದು. ಹದಿನೆಂಟು ವರ್ಷ ಅವಳು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ತೇಯ್ದು ಫ್ರೇಮಿಗೆ ಕೂರಿಸಿದ್ದಳು. ಒಂದು ಗಾಜನ್ನು ಕಣ್ಣ ಮುಂದೆ ಎರಡು ಸಲ ಅತ್ತಿತ್ತ ಆಡಿಸಿದರೆ ಸಾಕು, ಅದರ ನಂಬರು ಹೇಳಿಬಿಡುತ್ತಿದ್ದಳು. ಆದರೆ ಆ ಗಾಜಿನ ಹಿಂದೆ ಯಾರ ಕಣ್ಣಿರುತ್ತದೆ ಎಂಬುದನ್ನು ಮಾತ್ರ ಅವಳು ನೋಡಿದ್ದೇ ಇಲ್ಲ. ಕಣ್ಣು ಪರೀಕ್ಷೆ ಮಾಡುವವರದು ಮುಂದಿನ ಕೋಣೆ, ಅವರದೊಂದು ತಿರುಗುವ ಕುರ್ಚಿ. ತಾನೂ ಒಂದು ದಿನ ಆ ಕುರ್ಚಿಯಲ್ಲಿ ಕೂರಬೇಕು ಎಂಬ ಆಸೆಯನ್ನು ಅವಳು ಎಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದಳೋ ಅವಳಿಗೇ ಗೊತ್ತು. ಕಣ್ಣು ಪರೀಕ್ಷೆಯ ಆ ಓದು ನಾಲ್ಕು ವರ್ಷದ್ದು. ವಿಶ್ವವಿದ್ಯಾಲಯಕ್ಕೆ ಮನೆಯಿಂದ ಒಂದು ಬಸ್ಸು, ಒಂದು ರೈಲು, ಮತ್ತೊಂದು ಬಸ್ಸು. ಹೋಗಲು ಎರಡೂಕಾಲು ಗಂಟೆ, ಬರಲು ಎರಡೂಕಾಲು ಗಂಟೆ.

“ದಿನಾ ಓಡಾಡಿದ್ರಾಯ್ತಪ್ಪ, ಊರಲ್ಲಿ ಎಷ್ಟು ಜನ ಓಡಾಡಲ್ಲ?” ಎಂದ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್ಕು.

“ಊರಿನೋರೆಲ್ಲ ಬೆಳಿಗ್ಗೆ ಎದ್ದು ನಿನ್ನ ಡಬ್ಬಿ ಕಟ್ಟಿಟ್ಟು ಓಡಾಡ್ತಾರಾ ಅಪ್ಪ?” ಎಂದಳು ಮಗಳು. ಅವಳಿಗೆ ಹದಿನೈದು. ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈ. ಅದಕ್ಕೇ ಮನೆಯಲ್ಲಿ ಅವಳನ್ನು ಕರೆಯುವುದು ಲಾಯರ್ ಎಂದೇ.

ಗಾಜಕ್ಕನಿಗೋ ಹಾಸ್ಟೆಲ್ ಬೇಕು ಎನ್ನಲು ನಾಚಿಕೆ, ಬೇಡ ಎನ್ನಲು ಮನಸ್ಸಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಎಲ್ಲರ ಮುಖ ನೋಡುತ್ತ ಕೂತಿದ್ದರು. ಸಾಮಾನ್ಯವಾಗಿ ಎಲ್ಲದರಲ್ಲೂ ಮೂಗು ತೂರಿಸುವ ಮುದುಕಿ ಅಂದು ಗಪ್‌ಚಿಪ್.

ಕೊನೆಗೆ ಗಂಡನೇ ದಾರಿ ಹುಡುಕಿದ. “ನೋಡ್ರಪ್ಪ, ನಾನು ಭಾರ ಹಾಕಿ ನೋಡದೆ ಇವತ್ತಿನವರೆಗೆ ಒಂದು ಲಿಫ್ಟನ್ನೂ ಬಿಟ್ಟುಕೊಟ್ಟಿಲ್ಲ. ಮರಳಿನ ಮೂಟೆ ತುಂಬಿ ಮೇಲೆ ಕೆಳಗೆ ಹತ್ತು ಸಲ ಓಡಿಸ್ತೀವಿ. ಸುಮ್ನೆ ಬಾಯಲ್ಲಿ ಹೇಳಿದ್ರೆ ಹಗ್ಗ ತಡೆಯುತ್ತಾ? ಒಂದು ವಾರ ಓಡಾಡಿ ನೋಡು. ಇನ್ನೊಂದು ವಾರ ಹಾಸ್ಟೆಲ್ಲಲ್ಲಿ ಇದ್ದು ನೋಡು.”

“ಹಾಸ್ಟೆಲ್ಲಲ್ಲಿ ಈಗಲೇ ಯಾರು ಬಿಡ್ತಾರೆ?” ಎಂದಳು ಗಾಜಕ್ಕ.

“ನಮ್ಮ ಮಹಡಿ ಕೋಣೆ ಇಲ್ವಾ? ಮೆಟ್ಟಿಲು ಹೊರಗಡೆ ಇದೆ, ಬಚ್ಚಲು ಮೇಲೇ ಇದೆ. ಅದೇ ಹಾಸ್ಟೆಲ್ಲು ಅನ್ಕೋ.”

ಲಾಯರ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಇಂಥ ತಲೆಹರಟೆಯನ್ನೂ ಗಂಭೀರವಾಗಿ ಮಾಡುವ ಮನೆ ಅದು. ಗಾಜಕ್ಕ ಅಂಗಡಿಗೆ ಎರಡು ವಾರ ರಜೆ ಹಾಕಿದಳು.

ಮೊದಲ ವಾರ ಓಡಾಟ. ತರಗತಿ ಶುರುವಾಗಿರಲಿಲ್ಲ, ಹೊಸಬರಿಗೆ ಗ್ರಂಥಾಲಯ ತೆರೆದಿತ್ತು. ಅಲ್ಲಿ ಸಂಜೆಯವರೆಗೆ ಓದಿ ವಾಪಸು ಬರುವುದು. ನಾಲ್ಕಕ್ಕೆ ಏಳುವಳು, ಮೂರು ಹೊತ್ತಿನ ಅಡುಗೆ ಮುಗಿಸುವಳು, ಡಬ್ಬಿ ಕಟ್ಟುವಳು, ಒಗೆದದ್ದನ್ನು ಒಣಹಾಕುವಳು, ಆಮೇಲೆ ಬಸ್ಸಿಗೆ ಓಡುವಳು. ರೈಲಿನಲ್ಲಿ ಪುಸ್ತಕ ತೆರೆದರೆ ಎರಡನೇ ಸಾಲಿಗೆ ತೂಕಡಿಕೆ. ಗ್ರಂಥಾಲಯದಲ್ಲೂ ತೂಕಡಿಕೆ; ಎದುರು ಕೂತ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಶುಕ್ರವಾರ ಬರುವಾಗ ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋಗಿಬಿಟ್ಟಳು. ಮನೆಗೆ ಬಂದು ಪುಸ್ತಕದಲ್ಲಿ ಗುರುತಿಗಿಟ್ಟ ಚೀಟಿ ನೋಡಿದರೆ, ಐದು ದಿನಕ್ಕೆ ಹನ್ನೊಂದು ಪುಟ.

“ಪಾಸ್!” ಎಂದ ಗಂಡ, ಊಟದ ತಟ್ಟೆಯ ಮುಂದೆ. “ಮನೆ ಒಂಚೂರೂ ಅಲುಗಾಡಲಿಲ್ಲ ನೋಡು.”

ಗಾಜಕ್ಕನಿಗೆ ರೇಗಿಹೋಯಿತು. “ಅಲುಗಾಡೋದು ಹೇಗ್ರೀ? ಮರಳಿನ ಮೂಟೇನ ಮನೆ ಮೇಲೆ ಎಲ್ಲಿಟ್ರಿ? ಅಷ್ಟನ್ನೂ ನನ್ನ ತಲೆ ಮೇಲೆ ತಾನೆ ಇಟ್ಟಿದ್ದು?”

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಪಾಪ, ಅವನು ಕೆಟ್ಟವನಲ್ಲ, ಅದು ಅವನ ತಲೆಗೆ ಹೊಳೆದಿರಲಿಲ್ಲ ಅಷ್ಟೆ.

ಎರಡನೇ ವಾರಕ್ಕೆ ಲಾಯರ್ ನಿಯಮ ಬರೆದು ಮಹಡಿಯ ಬಾಗಿಲಿಗೆ ಅಂಟಿಸಿದಳು: “ರಕ್ತ ಅಥವಾ ಬೆಂಕಿ ಕಂಡರೆ ಮಾತ್ರ ಬಾಗಿಲು ತಟ್ಟತಕ್ಕದ್ದು.” ಗಾಜಕ್ಕನ ಊಟ ಬೀದಿಯ ತಿರುವಿನ ಹೋಟೆಲ್ಲಿನಲ್ಲಿ. ಎಲ್ಲ ಸರಿ, ಒಂದೇ ಒಂದು ತೊಡಕು ಉಳಿದಿತ್ತು. ಅತ್ತೆಯ ಬಲಗಣ್ಣಿನಲ್ಲಿ ಒತ್ತಡ ಏರುವ ಕಾಯಿಲೆ. ದಿನಾ ರಾತ್ರಿ ಎಂಟಕ್ಕೆ ಒಂದು ಹನಿ ಔಷಧಿ ಬೀಳಲೇಬೇಕು. ತಪ್ಪಿಸಿದರೆ ದೃಷ್ಟಿ ಸದ್ದಿಲ್ಲದೆ ಸವೆಯುತ್ತದೆ, ಸವೆದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೂರು ವರ್ಷದಿಂದ ಹಾಕುತ್ತಿದ್ದವಳು ಗಾಜಕ್ಕ ಒಬ್ಬಳೇ. ಮಗ ಹತ್ತಿರ ಬಂದರೆ “ಲಿಫ್ಟಿನ ಗ್ರೀಸು ನನ್ನ ಕಣ್ಣಿಗಾ?” ಎಂದು ಅಟ್ಟುತ್ತಿದ್ದರು. ಮೊಮ್ಮಗಳಿಗೆ ಬಾಟಲಿ ಹಿಡಿದ ಕೂಡಲೇ ನಗು.

“ಹನಿಯ ಗತಿ ಏನು ಅತ್ತೆ?”

“ಅದೇನು ಮಹಾ! ಇವರಿಬ್ರಲ್ಲಿ ಯಾರಾದ್ರೂ ಹಾಕ್ತಾರೆ. ನೀನು ಗಂಟುಮೂಟೆ ಕಟ್ಟು.”

ಭಾನುವಾರ ರಾತ್ರಿ ಹಳೆಯ ಬಾಟಲಿಯ ಕೊನೆಯ ಹನಿ ಹಾಕಿ, ಹೊಸದೊಂದನ್ನು ಅತ್ತೆಯ ಕಪಾಟಿನ ಮೇಲಿಟ್ಟು, ಗಾಜಕ್ಕ ದಿಂಬು, ದೀಪ, ಪುಸ್ತಕದೊಂದಿಗೆ ಹದಿನಾಲ್ಕು ಮೆಟ್ಟಿಲು ಹತ್ತಿದಳು.

ಸೋಮವಾರ ಮೂವತ್ತೆಂಟು ಪುಟ ಓದಿದಳು. ಮಂಗಳವಾರ ಕಣ್ಣಿನ ಗುಡ್ಡೆಯ ಚಿತ್ರ ಬರೆದು, ಭಾಗಗಳ ಹೆಸರನ್ನೆಲ್ಲ ಪುಸ್ತಕ ಮುಚ್ಚಿ ಒಪ್ಪಿಸಿದಳು. ಯಾರೂ ಕರೆಯುವುದಿಲ್ಲ, ಯಾರಿಗೂ ಏನೂ ಬಡಿಸಬೇಕಿಲ್ಲ. ಇಷ್ಟು ಖುಷಿಪಡುತ್ತಿದ್ದೇನಲ್ಲ ಎಂದು ಅವಳಿಗೆ ಒಳಗೊಳಗೇ ಅಪರಾಧಿ ಭಾವ. ಕೆಳಗೆ ಪಾತ್ರೆ ಬಿದ್ದ ಸದ್ದು, ಸೀದ ವಾಸನೆ, ಗಂಡ ಯಾವುದೋ ಡಬ್ಬಿ ಹುಡುಕುತ್ತ ಬೈದುಕೊಳ್ಳುವುದು ಎಲ್ಲ ಮೇಲಕ್ಕೆ ಬರುತ್ತಿತ್ತು. ಹಲ್ಲು ಕಚ್ಚಿ ಕೂತಳು. ಆದರೆ ಎಂಟು ಹೊಡೆಯುತ್ತಲೇ ಕಿವಿ ತಾನಾಗಿ ನೆಲಕ್ಕಿಳಿಯುತ್ತಿತ್ತು.

ಬುಧವಾರ ತಡೆಯಲಾಗಲಿಲ್ಲ. ಎಂಟು ಗಂಟೆ ಐದು ನಿಮಿಷಕ್ಕೆ ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಅತ್ತೆಯ ಕೋಣೆಗೆ ಇಣುಕಿದಳು. ಅತ್ತೆ ಕುರ್ಚಿಗೆ ಒರಗಿ ಕರವಸ್ತ್ರದಿಂದ ಬಲಗಣ್ಣು ಒತ್ತಿಕೊಳ್ಳುತ್ತಿದ್ದರು.

“ಹನಿ ಬಿತ್ತಾ ಅತ್ತೆ?”

“ಬಿತ್ತು. ಹಾಕ್ದ ನಿನ್ನ ಗಂಡ. ಅಲ್ಲ ಕಣೇ, ಹಾಸ್ಟೆಲ್ಲಿಂದ ಇಲ್ಲಿಗೆ ಬರಕ್ಕೆ ಎರಡೂಕಾಲು ಗಂಟೆ ಬೇಕು. ನೀನು ಹೀಗೆ ಎರಡು ನಿಮಿಷದಲ್ಲಿ ಪ್ರತ್ಯಕ್ಷ ಆದ್ರೆ ಪರೀಕ್ಷೆ ಎಲ್ಲಿ ಬಂತು? ನಡಿ ಮೇಲೆ!”

ಗಾಜಕ್ಕ ಮೇಲೆ ಹೋಗಿ ಮಂಚದ ಮೇಲೆ ಕೂತಳು. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಮೂರು ವರ್ಷ ತನ್ನ ಕೈಯೇ ಬೇಕು ಎಂದು ಹಟ ಹಿಡಿದವರು ಮೂರು ದಿನದಲ್ಲಿ ಮಗನ ಕೈಗೆ ಒಗ್ಗಿಬಿಟ್ಟರಲ್ಲ ಎಂದು ಅವಳಿಗೆ ಅಳು ಬಂತು. ಅತ್ತಳು ಕೂಡ.

ಶುಕ್ರವಾರ ಸಂಜೆ ವಾರ ಮುಗಿಯಿತು. ಕೆಳಗೆ ಗಂಡ ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು ನಗುತ್ತ ನಿಂತಿದ್ದ. “ಮನೆ ಅಲುಗಾಡಿತು ಮಾರಾಯ್ತಿ, ಚೆನ್ನಾಗೇ ಅಲುಗಾಡಿತು. ಆದ್ರೆ ಬೀಳಲಿಲ್ಲ. ಹಾಸ್ಟೆಲ್ ಪಾಸ್.” ಗಾಜಕ್ಕನ ಎದೆ ಹಗುರಾಯಿತು. ಎಂಟಾಗಿತ್ತು; ಇವತ್ತಾದರೂ ನಾನೇ ಹಾಕುತ್ತೇನೆ ಎಂದು ಅತ್ತೆಯ ಕೋಣೆಗೆ ಹೋಗಿ ಬಾಟಲಿ ಎತ್ತಿಕೊಂಡಳು.

ಬಾಟಲಿಯ ಮುಚ್ಚಳದ ಸೀಲು ಇಟ್ಟ ಹಾಗೇ ಇತ್ತು. ಒಡೆದೇ ಇರಲಿಲ್ಲ.

ಗಾಜಕ್ಕ ಗಂಡನನ್ನು ಕೂಗಿದಳು, ಮಗಳನ್ನು ಕೂಗಿದಳು. “ಅಪ್ಪ ಹಾಕ್ದ ಅಂತ ಅಜ್ಜಿ ಹೇಳಿದ್ರು,” ಎಂದಳು ಲಾಯರ್. “ಇವಳು ಹಾಕಿದ್ಲು ಅಂತ ಅಮ್ಮ ನನಗೆ ಹೇಳಿದ್ಲು,” ಎಂದ ಗಂಡ. ಮೂವರೂ ಅತ್ತೆಯ ಕಡೆ ತಿರುಗಿದರು.

“ನಾಲ್ಕು ದಿನ!” ಎಂದಳು ಗಾಜಕ್ಕ. “ನಾನು ಕಣ್ಣಿನ ಓದು ಓದಕ್ಕೆ ಹೊರಟಿರೋಳು ಅತ್ತೆ. ಮನೆ ಕಣ್ಣನ್ನೇ ಕಳ್ಕೊಂಡು ಏನು ಓದಲಿ?”

ಅತ್ತೆ ಸೆರಗು ಮಡಚಿದರು, ಬಿಚ್ಚಿದರು. “ಅವರ ಕೈ ಕಂಡ್ರೆ ನನಗೆ ಹೆದರಿಕೆ ಕಣೇ. ಹನಿ ಬೀಳೋ ಮೊದಲೇ ರೆಪ್ಪೆ ಮುಚ್ಚಿಬಿಡುತ್ತೆ. ಹಾಗಂತ ಹೇಳಿದ್ರೆ ನೀನು ಹಾಸ್ಟೆಲ್ ಬೇಡ ಅಂತ ಬರೀತಿದ್ದೆ. ನಾಲ್ಕು ವರ್ಷ ರೈಲಲ್ಲಿ ತೂಕಡಿಸ್ತಿದ್ದೆ, ಓದೋದು ಅಷ್ಟರಲ್ಲೇ ಇತ್ತು. ಒಂದು ಹನಿ ಔಷಧಿಗೋಸ್ಕರ ನೀನು ನಿಂತುಹೋದ್ರೆ, ನನ್ನ ಕಣ್ಣಿದ್ದು ಏನು ನೋಡಬೇಕಿತ್ತು?”

ಗಾಜಕ್ಕ ಸೀಲು ಒಡೆದು ಹನಿ ಹಾಕಿದಳು. ಆಮೇಲೆ ಕಾಗದ ತೆಗೆದು ಪೆನ್ನನ್ನು ‘ಬೇಡ’ ಎಂಬ ಚೌಕದ ಹತ್ತಿರ ಒಯ್ದಳು. ಲಾಯರ್ ಕಾಗದ ಕಿತ್ತುಕೊಂಡಳು. “ಸೋಮವಾರ ಐದರವರೆಗೂ ಟೈಮಿದೆ. ಅಷ್ಟರೊಳಗೆ ಯಾರೂ ಏನೂ ಬರೆಯೋ ಹಾಗಿಲ್ಲ.”

ಶನಿವಾರ ಬೆಳಿಗ್ಗೆ ಡಾಕ್ಟರು ನೋಡಿ, ಒತ್ತಡ ಏರಿದೆ, ಪುಣ್ಯಕ್ಕೆ ಹಾನಿಯಾಗಿಲ್ಲ ಎಂದು ಅತ್ತೆಗೆ ಚೆನ್ನಾಗಿ ಉಗಿದರು. “ಎಷ್ಟೋ ಜನ ತಾವೇ ಹಾಕ್ಕೊಳ್ತಾರೆ, ನಿಮಗೇನು ಕಷ್ಟ?” ಎಂದೂ ಕೇಳಿದರು. ಅತ್ತೆ ಮನೆಗೆ ಬಂದು ಪ್ರಯತ್ನಿಸಿದರು. ಬರೀ ನೀರು ತುಂಬಿದ ಹಳೆ ಬಾಟಲಿಯಿಂದ ಆರು ಹನಿ ಹಾಕಿದರೆ ಎರಡು ಹಣೆಗೆ, ಮೂರು ಕೆನ್ನೆಗೆ, ಒಂದು ಕಿವಿಗೆ. “ಕೈ ಓಲಾಡುತ್ತೆ ಕಣೇ, ಏನು ಮಾಡಲಿ,” ಎಂದು ಮುಖ ಒರೆಸಿಕೊಂಡರು.

“ಓಲಾಡದೆ ಏನಾಗುತ್ತೆ?” ಎಂದ ಗಂಡ. “ಲಿಫ್ಟೂ ಓಲಾಡುತ್ತೆ. ಹಗ್ಗ ಬರೀ ಎತ್ತುತ್ತೆ ಅಷ್ಟೆ. ಅತ್ತಿತ್ತ ಹೋಗದ ಹಾಗೆ ಹಿಡಿಯೋದು ಎರಡು ಪಕ್ಕದ ಹಳಿ.”

ಗಾಜಕ್ಕ ಅವನನ್ನೇ ನೋಡಿದಳು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಲಿಫ್ಟಿನ ಪುರಾಣವನ್ನು ಅವಳು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಎದ್ದು ಅತ್ತೆಯ ಎರಡು ಕಣ್ಣಿನ ನಡುವಿನ ಅಳತೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದಳು.

ಹಿಂದಿನ ಕೋಣೆಯಲ್ಲಿ ಮಾಲೀಕರು ಬಿಸಾಡಲಿಟ್ಟಿದ್ದ ಒಂದು ಅಗಲ ಫ್ರೇಮು ಹುಡುಕಿ, ಬಲಗಡೆಗೆ ದಪ್ಪನೆಯ ಪ್ಲಾಸ್ಟಿಕ್ ಗಾಜು ಕೂರಿಸಿದಳು. ಅಳತೆ ಹಿಡಿದು, ಪಾಪೆಗೆ ನೇರವಾಗಿ ಒಂದು ಚುಕ್ಕೆ ಇಟ್ಟು, ಅಲ್ಲಿ ತೂತು ಕೊರೆದಳು. ಬಾಟಲಿಯ ಮೂತಿ ಅದರಲ್ಲಿ ಕೂತು, ಕಣ್ಣಿಗೆ ತಾಗದೆ ನಿಲ್ಲಬೇಕು. ಮೊದಲ ಗಾಜು ಸೀಳಿತು. ಎರಡನೆಯದರ ತೂತು ಸಡಿಲವಾಯಿತು. ಮೂರನೆಯದು ಸರಿಹೋಯಿತು, ಅದರ ಅಂಚನ್ನು ತನ್ನ ತುಟಿಗೆ ಸವರಿಕೊಂಡು, ತರಚುವುದಿಲ್ಲ ಎಂದು ಖಾತ್ರಿಯಾಗುವವರೆಗೆ ತೇಯ್ದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗಾಜಿನ ಹಿಂದಿನ ಕಣ್ಣು ಯಾರದೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ರಾತ್ರಿ ಎಂಟು. ಅತ್ತೆ ಕುರ್ಚಿಗೆ ಒರಗಿ, ಮುಖ ಮೇಲೆತ್ತಿ, ತೂತಿನ ಕನ್ನಡಕ ಹಾಕಿಕೊಂಡರು. “ಹೇಗೆ ಕಾಣ್ತೀನೇ?” ಎಂದರು ಮೊಮ್ಮಗಳಿಗೆ. “ಥೇಟ್ ಬಾಹ್ಯಾಕಾಶದಿಂದ ಇಳಿದ ಹಾಗೆ ಅಜ್ಜಿ,” ಎಂದಳು ಲಾಯರ್. ಯಾರೂ ನಗಲಿಲ್ಲ. ಗಾಜಕ್ಕ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಬಿಟ್ಟರೆ ತಾವಾಗಿ ಮುಂದೆ ಹೋಗಿಬಿಡುತ್ತವೆಂದು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದಳು.

ಬಾಟಲಿ ತೂತು ಹುಡುಕುತ್ತ ಫ್ರೇಮಿಗೆ ಟಕಟಕ ಬಡಿಯಿತು. ಕೂತಿತು. ಒತ್ತುವ ಮೊದಲೇ ಅತ್ತೆ ರೆಪ್ಪೆ ಮುಚ್ಚಿದರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಗಂಡ ಏನೋ ಹೇಳಲು ಬಾಯಿ ತೆರೆದ. ಮಗಳು ಅವನ ಕಾಲು ತುಳಿದಳು. ಮೂರನೇ ಸಲ ಅತ್ತೆ ಉಸಿರು ಬಿಗಿಹಿಡಿದು ಕಣ್ಣು ಅಗಲಿಸಿ ಒತ್ತಿಬಿಟ್ಟರು.

“ಬಿತ್ತು!” ಎಂದು ಕೂಗಿದರು. “ತಣ್ಣಗೆ ಬಿತ್ತು ಕಣೇ, ಒಳಗೇ ಬಿತ್ತು!”

ಕನ್ನಡಕ ತೆಗೆದಾಗ ಕೆನ್ನೆ ಮೇಲೆ ನೀರಿಳಿಯುತ್ತಿತ್ತು. ಔಷಧಿ ಹಾಕಿದ್ದು ಬಲಗಣ್ಣಿಗೆ. ನೀರು ಎರಡರಿಂದಲೂ ಬರುತ್ತಿತ್ತು.

“ಉರೀತಿದೆಯಾ ಅತ್ತೆ?” ಎಂದಳು ಗಾಜಕ್ಕ.

“ಹೂಂ, ಉರಿ,” ಎಂದರು ಅತ್ತೆ. “ನೀನೇನು ಬಾಯಿ ಬಿಟ್ಕೊಂಡು ನಿಂತಿದೀಯ? ಗುರುತು ಹಾಕು.”

ಲಾಯರ್ ಆಗಲೇ ಕಾಗದ ತಂದು ಕಪಾಟಿನ ಮೇಲೆ ಹರಡಿದ್ದಳು. ಗಾಜಕ್ಕ ಬೆನ್ನ ಹಿಂದಿನ ಕೈ ಬಿಚ್ಚಿ ಪೆನ್ನು ತೆಗೆದುಕೊಂಡಳು. ಕೂದಲೆಳೆಯಷ್ಟೂ ತಪ್ಪದೆ ಗಾಜು ಕೊರೆಯುವ ಕೈ ಅದು. ‘ಬೇಕು’ ಎಂಬ ಚೌಕದಲ್ಲಿ ಅವಳು ಹಾಕಿದ ಗುರುತು ಅಂಚು ದಾಟಿ ಒಂದಿಷ್ಟು ಹೊರಗೂ ಹೋಯಿತು.