ಅಮ್ಮನಿಗೆ ಅರ್ಥವಾದರೆ ಪಾಸು

ಅಣ್ಣ ತಂಗಿ ಇಬ್ಬರೂ ಒಂದೇ ಮೇಜಿಗೆ ಕೂತು ಇಂಗ್ಲಿಷ್-ಕನ್ನಡ ನಿಘಂಟು ಮಾಡುತ್ತಿದ್ದರು. ಹಾವು ಮುಂಗುಸಿಯಾದರೂ ಇವರಿಗಿಂತ ಹೊಂದಿಕೊಂಡು ಬಾಳುತ್ತವೆ ಬಿಡಿ! ಜಗಳದ ಮೂಲ ಒಂದೇ. ಹಾಸಿಗೆ ಹಿಡಿದ ಅಮ್ಮನ ಬೀದಿ ಕಡೆಯ ಕೋಣೆ ಅಣ್ಣನಿಗೆ ಆಫೀಸು ಮಾಡಲು ಬೇಕಿತ್ತು. ಅಮ್ಮನನ್ನು ಹಿಂದಿನ ಸಾಮಾನಿನ ಕೋಣೆಗೆ ಸಾಗಿಸಬೇಕಂತೆ! ತಂಗಿ ಪ್ರಾಣ ಹೋದರೂ ಒಪ್ಪಳು. ಅಮ್ಮನ ಕಿವಿಗೆ ಮಾತ್ರ ಇದು ಬೀಳಬಾರದೆಂದು ಅಣ್ಣನಿಂದ ಅವಳೇ ಆಣೆ ಹಾಕಿಸಿಕೊಂಡಿದ್ದಳು.

ಅವತ್ತಿನ ಪದ ‘ಲೇರ್’ (lair).

“ಕಾಡುಮೃಗದ ಗವಿ. ಮುಗೀತು,” ಎಂದ ಅಣ್ಣ.

“ಎಲ್ಲಿ ಮುಗೀತು? ಹಳೇ ಇಂಗ್ಲಿಷಿನಲ್ಲಿ ಅದು ಬರೀ ಮಲಗೋ ಜಾಗ. ಹಾಸಿಗೆ. ಸತ್ತವರು ಮಲಗೋ ಗೋರಿಗೂ ಅದೇ ಮಾತು. ಮೃಗಗಳು ಸೇರಿಕೊಂಡಿದ್ದು ಆಮೇಲೆ.”

“ಹಳೇದನ್ನೆಲ್ಲ ಕಟ್ಟಿಕೊಂಡು ಕೂತರೆ ಜಾಗ ಎಲ್ಲಿ ಸಾಲುತ್ತೆ? ಕಿತ್ತು ಹಾಕು.”

“ಅದು ನಿನಗೆ ನೀರು ಕುಡಿದಷ್ಟು ಸುಲಭ.”

“ನಾಲಿಗೆ ಬಿಗಿಹಿಡಿ!”

ಅಪ್ಪನ ಕಾಲದಿಂದ ಆ ಮನೆಯಲ್ಲೊಂದು ಪದ್ಧತಿ. ಪ್ರತಿ ಪದಕ್ಕೂ ಬರೆದ ಉದಾಹರಣೆಯನ್ನು ಇಂಗ್ಲಿಷ್ ಬಾರದ ಅಮ್ಮನಿಗೆ ಓದಿ ಹೇಳಬೇಕು. ಅವಳು “ಅರ್ಥವಾಯ್ತು” ಅಂದರೆ ಪಾಸು, ಇಲ್ಲದಿದ್ದರೆ ಕಸದ ಬುಟ್ಟಿ. ಇಬ್ಬರೂ ಮುಖ ಊದಿಸಿಕೊಂಡು ಮಂಚದ ಬಳಿ ಹೋದರು.

ಎದುರಂಗಡಿಯ ದರ್ಜಿ ಗುಂಡಿ ಹಚ್ಚುವುದನ್ನು ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಅವಳ ಲೋಕವೆಲ್ಲ ಆ ಕಿಟಕಿಯಷ್ಟೇ.

“ಹುಲಿ ತನ್ನ ಗವಿಗೆ ಮರಳಿತು,” ಓದಿದ ಅಣ್ಣ.

“ನೀನು ಹುಲಿ ನೋಡಿದ್ದು ಯಾವಾಗಲೋ? ಸಪ್ಪೆ ಕಣೋ,” ಅಂದಳು ಅಮ್ಮ.

ತಂಗಿಗೆ ಎಲ್ಲಿಲ್ಲದ ಹುರುಪು ಬಂತು. ಇವತ್ತು ಇವನ ಮಾನ ಹರಾಜು ಹಾಕದಿದ್ದರೆ ಕೇಳಿ! ಬರೆದಿದ್ದನ್ನು ಅವನ ಮುಖಕ್ಕೆ ರಾಚುವಂತೆ ಓದಿದಳು: “ಹೆತ್ತವಳನ್ನು ಸಾಮಾನಿನ ಕೋಣೆಗೆ ತಳ್ಳಿ, ಅವಳು ಮಲಗಿದ್ದ ಜಾಗವನ್ನು ಮಗ ತನ್ನ ಗವಿ ಮಾಡಿಕೊಂಡ.”

“ಅಯ್ಯೋ, ಹಾಳಾದವಳೇ!” ಅಂದ ಅಣ್ಣ.

ಆಗ ತಂಗಿ ನಾಲಿಗೆ ಕಚ್ಚಿಕೊಂಡಳು. ಏನು ಬಂತು? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವನನ್ನು ತಿವಿಯುವ ಭರದಲ್ಲಿ ಇದು ಅಮ್ಮನ ಕಿವಿಗೇ ಬೀಳುತ್ತದೆಂಬುದು ಅವಳಿಗೆ ಮರೆತೇಹೋಗಿತ್ತು. ಆ ದುಷ್ಟನೇ ಆಣೆ ಉಳಿಸಿಕೊಂಡಿದ್ದ, ಮುರಿದವಳು ಇವಳು.

ಅಮ್ಮ ಮಗನನ್ನು ನೋಡಿದಳು, ಮಗಳನ್ನು ನೋಡಿದಳು.

“ಅರ್ಥವಾಯ್ತು,” ಅಂದಳು.

ಮತ್ತೆ ದರ್ಜಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಆ ಕೋಣೆಗೆ ಕಿಟಕಿ ಇಲ್ಲ, ಅಲ್ವೇನೇ?”