ಸೀಮಂತದ ದಿನ ಕೈಕೊಟ್ಟ ಸೆಲ್

"ಅಯ್ಯೋ ದೇವರೇ, ಪುನಃ ಆಫ್ ಆಯ್ತಾ?"

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಜ್ಯೋತ್ಸ್ನಾಳಿಗೆ ಅಳುವೇ ಬಂತು. ದೋಹಾದ ಅಲ್ ಹಿಲಾಲ್‌ನ ಆ ಪುಟ್ಟ ಫ್ಲ್ಯಾಟಿನಲ್ಲಿ ಇವತ್ತು ಅವಳ ಸೀಮಂತ. ಊರಿನಿಂದ ಅಮ್ಮ ಬರಬೇಕಿತ್ತು, ವೀಸಾ ಆಗಲಿಲ್ಲ. "ಫೋಟೋ ಆದ್ರೂ ಕಳಿಸು ಮಗಾ, ನಿನ್ನ ತಲೆ ತುಂಬ ಹೂ ನೋಡ್ಬೇಕು" ಎಂದು ಫೋನಿನಲ್ಲಿ ಹೇಳಿ ಮೂಗು ಒರೆಸಿಕೊಂಡಿದ್ದರು. ಪಕ್ಕದ ಬಿಲ್ಡಿಂಗಿನ ಮೊಯ್ದಿನ್ ಅದೇ ಸಂಜೆ ಊರಿಗೆ ಹೊರಟಿದ್ದರು. ಕ್ಯಾಮೆರಾದ ಕಾರ್ಡ್ ಅವರ ಕೈಯಲ್ಲಿ ಕೊಟ್ಟರೆ ಅಮ್ಮನಿಗೆ ತಲುಪುತ್ತಿತ್ತು. ಆದರೆ ಹೊಸ ಡಿಜಿಟಲ್ ಕ್ಯಾಮೆರಾ ನಾಲ್ಕು ಫೋಟೋ ಹೊಡೆದು ಕಣ್ಣು ಮುಚ್ಚಿತ್ತು! ಹೂ ಮುಡಿಸುವ ಹೆಂಗಸರು ಮಲ್ಲಿಗೆ ಹಿಡಿದು ಕಾಯುತ್ತಾ ನಿಂತಿದ್ದರು.

ಜ್ಯೋತ್ಸ್ನಾಳ ಗಂಡ ದುಗ್ಗುವಿಗೆ ಒಂದು ಅಭ್ಯಾಸ. ದೋಹಾ ಅಲ್ ಜದೀದಾದ ಅಂಗಡಿಯಿಂದ ಅಗ್ಗದ ಪೆನ್ಸಿಲ್ ಸೆಲ್ ಪ್ಯಾಕೆಟ್ಟುಗಟ್ಟಲೆ ತರುವುದು. ಈಗ ಅವೆಲ್ಲ ಮುಗಿದಿದ್ದವು. ಹೊಸತು ತರೋಣವೆಂದರೆ ಶುಕ್ರವಾರದ ರಜೆಯ ಬೆಳಿಗ್ಗೆ, ಅಂಗಡಿಗಳೆಲ್ಲ ಬಂದ್.

"ಹೆದರ್ಬೇಡ ಮಾರಾಯ್ತಿ. ಖಾಲಿ ಸೆಲ್ಲನ್ನೇ ಬಾಲ್ಕನಿಯಲ್ಲಿ ಬಿಸಿಲಿಗೆ ಇಟ್ಟಿದ್ದೇನೆ. ಊರಲ್ಲಿ ಅಪ್ಪ ರೇಡಿಯೋ ಓಡಿಸ್ತಿದ್ದದ್ದೇ ಹೀಗೆ!" ಎನ್ನುತ್ತಾ ದುಗ್ಗು ಬಾಲ್ಕನಿಯಿಂದ ಸೆಲ್ ತಂದ.

ಅಷ್ಟರಲ್ಲಿ ಮೇಲಿನ ಮನೆಯ ಜೂಲಿಯಾನಾ ಪಾಯಸದ ಪಾತ್ರೆ ಹಿಡಿದು ಒಳಗೆ ಬಂದರು. ಕ್ಯಾಮೆರಾ ಅಂಗಡಿಯೊಂದರ ಆಫೀಸಿನಲ್ಲಿ ಅವರಿಗೆ ಕೆಲಸ. ದುಗ್ಗುವಿನ ಕೈಯಲ್ಲಿದ್ದ ಸೆಲ್ ಕಂಡದ್ದೇ ಪಾತ್ರೆ ಕೆಳಗಿಟ್ಟರು.

"ದುಗ್ಗಣ್ಣ, ನಿಲ್ಲಿ! ತುದಿ ನೋಡಿ, ಒದ್ದೆ ಆಗಿದೆ, ಸೋರ್ತಾ ಉಂಟು. ಇದು ಊರಿನ ಬಿಸಿಲಲ್ಲ, ದೋಹಾದ್ದು. ಇದನ್ನು ಹಾಕಿದ್ರೆ ಕ್ಯಾಮೆರಾ ಖಲಾಸ್! ಮೊದಲು ಕಸಕ್ಕೆ ಹಾಕಿ ಕೈ ತೊಳೀರಿ."

"ಹಾಗಾದ್ರೆ ಸೋರದೆ ಉಳಿದದ್ದನ್ನು ನಿಮ್ಮ ಮನೆಯ ಸೆಲ್ ಚಾರ್ಜರಿಗೆ ಹಾಕುವಾ?"

"ಬೇಡವೇ ಬೇಡ! ಸಾದಾ ಸೆಲ್ ಚಾರ್ಜ್ ಆಗುವುದಿಲ್ಲ, ಒಡೆದು ಮುಖಕ್ಕೆ ಹಾರೀತು. ಚಾರ್ಜರಿಗೆ ರೀಚಾರ್ಜ್ ಮಾಡುವ ಸೆಲ್ಲೇ ಆಗ್ಬೇಕು."

ದುಗ್ಗು ಮುಖ ಕಿವುಚಿದ. "ಅದೆಲ್ಲ ಮೋಸ ಜೂಲಿಯಾನಕ್ಕ. ನಾನೂ ಒಮ್ಮೆ ತಂದಿದ್ದೆ, ಎರಡು ಫೋಟೋಕ್ಕೆ ಸತ್ತೋಯ್ತು. ಎತ್ತಿ ಬಿಸಾಡಿದೆ."

"ಚಾರ್ಜ್ ಮಾಡಿ ಹಾಕಿದ್ರಾ?"

"ಹೊಸ ಸೆಲ್ಲಿಗೆ ಎಂಥ ಚಾರ್ಜ್?"

ಜೂಲಿಯಾನಾ ಹಣೆ ಚಚ್ಚಿಕೊಂಡರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಷ್ಟು ಹೊತ್ತೂ ಅಳು ನುಂಗುತ್ತಿದ್ದ ಜ್ಯೋತ್ಸ್ನಾಳಿಗೂ ನಗು ಬಂತು. ರೀಚಾರ್ಜ್ ಸೆಲ್ಲಿನ ಮಾತೆತ್ತಿದಾಗಲೆಲ್ಲ ತನ್ನ ಬಾಯಿ ಮುಚ್ಚಿಸುತ್ತಿದ್ದ ಗಂಡನ ಜಾಣತನ ಇದೇನಾ!

"ಹೊಸತಾದ್ರೂ ಮೊದಲು ಚಾರ್ಜ್ ಮಾಡ್ಲೇಬೇಕು ಮಾರಾಯ್ರೆ! ಸುಮ್ಮನೆ ಇಟ್ರೂ ತನ್ನಷ್ಟಕ್ಕೆ ಇಳೀತದೆ. ನಾನು ನಿನ್ನೆಯಷ್ಟೇ ಚಾರ್ಜ್ ಮಾಡಿಟ್ಟದ್ದುಂಟು, ಈಗಲೇ ತರ್ತೇನೆ." ಹೇಳುತ್ತಲೇ ಅವರು ಮೆಟ್ಟಿಲೇರಿ ಹೋಗಿ, ಏದುಸಿರು ಬಿಡುತ್ತಾ ಸೆಲ್ ತಂದು ಕ್ಯಾಮೆರಾಕ್ಕೆ ಹಾಕಿಯೂ ಆಯಿತು.

"ಯಲ್ಲಾ, ಬನ್ನಿ ಬನ್ನಿ, ಹೂ ಮುಡಿಸಿ!" ಎಂದರು.

ಫ್ಲ್ಯಾಶ್ ಮಿಂಚಿತು. ಮತ್ತೆ ಮಿಂಚಿತು! ಹೂ ಮುಡಿಸಿದ್ದು, ಆರತಿ ಎತ್ತಿದ್ದು, ಜ್ಯೋತ್ಸ್ನಾ ನಾಚಿ ತಲೆ ತಗ್ಗಿಸಿದ್ದು ಎಲ್ಲವೂ ಬಂತು. ಊಟ ಮುಗಿದರೂ ಕ್ಯಾಮೆರಾ ಸುಸ್ತಾಗಲಿಲ್ಲ. ದುಗ್ಗುವಿಗೆ ಎಷ್ಟು ಉಮೇದು ಬಂತೆಂದರೆ, "ನಾಳೆಯೇ ರೀಚಾರ್ಜ್ ಸೆಲ್ ತರ್ತೇನೆ! ಗೋಡೆ ಗಡಿಯಾರ, ರಿಮೋಟ್, ಟಾರ್ಚ್, ಎಲ್ಲದಕ್ಕೂ ಅದೇ!" ಎಂದು ಕುಣಿದ.

"ಸ್ವಲ್ಪ ತಡೀರಿ," ಎಂದು ಜೂಲಿಯಾನಾ ನಕ್ಕರು. "ಗಡಿಯಾರ, ರಿಮೋಟ್ ತಿನ್ನುವುದು ಬಹಳ ಕಮ್ಮಿ. ಅದಕ್ಕೆ ಒಳ್ಳೆ ಸಾದಾ ಸೆಲ್ಲೇ ಸಾಕು. ಅಪರೂಪಕ್ಕೆ ಬೇಕಾಗುವ ಟಾರ್ಚಿಗೂ ಅದೇ ಇರಲಿ, ಇಲ್ಲದಿದ್ರೆ ಕತ್ತಲಾದಾಗ ಬೆಳಕು ಮಾಫಿ, ಇಲ್ಲವೇ ಇಲ್ಲ. ಕ್ಯಾಮೆರಾ, ಮಕ್ಕಳ ಓಡುವ ಕಾರು, ಇವು ಹೊಟ್ಟೆಬಾಕಗಳು. ಅವಕ್ಕೆ ಮಾತ್ರ ರೀಚಾರ್ಜ್ ಸೆಲ್ ತನ್ನಿ. ಮತ್ತೆ ಹಳತು ಹೊಸತು ಬೆರಕೆ ಮಾಡ್ಬೇಡಿ."

"ಆಯ್ತು ಟೀಚರೇ," ಎಂದು ದುಗ್ಗು ಕೈ ಮುಗಿದ.

ವಾರದೊಳಗೆ ಊರಿನಿಂದ ಫೋನ್ ಬಂತು. ಮೊಯ್ದಿನ್ ತಲುಪಿಸಿದ ಕಾರ್ಡಿನಿಂದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ್ದರಂತೆ. "ಮಗಾ, ಹೂ ಮುಡಿಸುವ ಫೋಟೋ ಕೈಯಲ್ಲೇ ಉಂಟು. ನಾನೇ ಹಿಂದೆ ನಿಂತು ಮುಡಿಸಿದ ಹಾಗೆ ಆಯ್ತು" ಎಂದರು ಅಮ್ಮ. ಜ್ಯೋತ್ಸ್ನಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ದುಗ್ಗು ಇದ್ದಾನೆಯೇ? ಇದನ್ನು ಅವನಿಗೆ ಓದಿ ಹೇಳಿ. ಹೆಚ್ಚು ತಿನ್ನುವುದಕ್ಕೆ ರೀಚಾರ್ಜ್ ಸೆಲ್, ಕಡಿಮೆ ತಿನ್ನುವುದಕ್ಕೆ ಸಾದಾ ಸೆಲ್. ಯಾವುದನ್ನೂ ಬಿಸಿಲಿಗೆ, ಬೆಂಕಿಗೆ ಹಾಕಬೇಡಿ. ಮನೆಯಲ್ಲಿ ಸಮಾರಂಭವಿದ್ದರೆ ಹಿಂದಿನ ದಿನವೇ ಚಾರ್ಜಿಗೆ ಇಡಿ. ಈಗಲೇ ಎದ್ದು ಹೋಗಿ ಕ್ಯಾಮೆರಾದ ಸೆಲ್ಲಿನ ಮುಚ್ಚಳ ತೆಗೆದು ನೋಡಿ. ಊರಿನಲ್ಲಿ ನಿಮ್ಮ ಫೋಟೋಕ್ಕಾಗಿ ಅಮ್ಮ ಕಾಯುತ್ತಿದ್ದಾರೆ.